ತಿಕೋಟಾದಲ್ಲಿ ಎಲ್ಲ ಹಾಡಿಗೂ ಮೂರೇ ಬೆರಳು

ಬಿಜ್ಜರಗಿಯ ಅಮೋಘಿಗೆ ಈ ಲೋಕದಲ್ಲಿ ಯಾವುದರ ಬಗ್ಗೆಯೂ ಅಭಿಪ್ರಾಯ ಇರಲಿಲ್ಲ. ನೆತ್ತಿಯ ಮೇಲೆ ಹನಿ ಬೀಳುತ್ತಿರುವಾಗ "ಮಳಿ ಬಂತಲ್ಲೋ ಅಮೋಘಿ" ಎಂದರೆ "ಬಂದಿರಬಹುದ್ರಿ" ಎನ್ನುತ್ತಿದ್ದ. ಊಟ ಹೇಗಿತ್ತು ಎಂದು ಕೇಳಿದರೆ "ಊಟ ಆತ್ರಿ" ಎನ್ನುತ್ತಿದ್ದ. ನನ್ನಂಥ ಬಾಯಿಬಡುಕನಿಗೆ ಇಂಥವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಆದರೂ ಅವನ ಕಥೆಯನ್ನು ನಾನೇ ಬರೆಯಬೇಕು. ಅವನಿಗೆ ಬರೆಯಲು ಬಿಟ್ಟರೆ "ಹುಟ್ಟಿರಬಹುದು" ಎಂದು ಒಂದೇ ಮಾತಿಗೆ ಮುಗಿಸಿ ಎದ್ದುಹೋಗುತ್ತಾನೆ.

ತಪ್ಪು ಅವನದಲ್ಲ, ಅವನ ಕಸುಬಿನದು. ಅವನು ದನದ ದಲಾಲ. ತಿಕೋಟಾದ ಸಂತೆಯಲ್ಲಿ ಎತ್ತಿನ ವ್ಯಾಪಾರ ಬಾಯಿಂದ ನಡೆಯುವುದಿಲ್ಲ. ದಲಾಲ ತನ್ನ ಹೆಗಲ ಮೇಲಿನ ಟಾವೆಲ್ ತೆಗೆದು ಕೈಯ ಮೇಲೆ ಹೊದಿಸಿಕೊಳ್ಳುತ್ತಾನೆ. ಮಾರುವವನು ಒಮ್ಮೆ, ಕೊಳ್ಳುವವನು ಒಮ್ಮೆ ಅದರ ಕೆಳಗೆ ಕೈ ಇಡುತ್ತಾರೆ. ಬೆರಳು ಒತ್ತಿ, ಬೆರಳು ಬಿಟ್ಟು, ಮಾತಿಲ್ಲದೆ ಬೆಲೆ ಕುದುರುತ್ತದೆ. ಸುತ್ತ ನಿಂತವರಿಗೆ ಕಾಣುವುದು ಅಲುಗಾಡುವ ಬಟ್ಟೆ ಮಾತ್ರ. ದಲಾಲನಾದವನು ಎತ್ತು ಚಂದ ಇದೆ ಅನ್ನಬಾರದು, ಕುಂಟು ಇದೆ ಅನ್ನಬಾರದು. ಅಂದರೆ ಒಬ್ಬರ ಕಡೆ ವಾಲಿದಂತೆ. ಅಮೋಘಿಯ ಅಪ್ಪನೂ ದಲಾಲ, ಅಜ್ಜನೂ ದಲಾಲ. ಮೂರು ತಲೆಮಾರು ನುಂಗಿಕೊಂಡ ಮಾತೆಲ್ಲ ಅಮೋಘಿಯ ಹೊಟ್ಟೆಯಲ್ಲಿ ಗಂಟು ಬಿದ್ದಿತ್ತು ಎಂದು ನಾನು ತಿಳಿದಿದ್ದೇನೆ.

ನಾನು ಪ್ರಲ್ಹಾದ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಮರುವರ್ಷ ತಿಕೋಟಾದ ದನದ ದವಾಖಾನೆಗೆ ಕಂಪೌಂಡರ್ ಆಗಿ ಬಂದೆ. ಮನೆ ವಿಜಾಪುರದ ಅಥಣಿ ರಸ್ತೆಯಲ್ಲಿ. ದಿನಾ ಕೆಂಪು ಬಸ್ಸಿನಲ್ಲಿ ಹೋಗಿ ಬರುವುದು. ನನ್ನ ತಾಯಿ ವತ್ಸಲಾಬಾಯಿ ಸಣ್ಣವಳಿದ್ದಾಗ ಹಾರ್ಮೋನಿಯಂ ಕಲಿತಿದ್ದಳು. ಆ ಹಾರ್ಮೋನಿಯಂ ಇನ್ನೂ ನಮ್ಮ ಮನೆಯಲ್ಲಿತ್ತು, ಅದರ ಮೇಲೆ ಹಪ್ಪಳದ ಡಬ್ಬಿ ಇಡುತ್ತಿದ್ದೆವು. ಇಷ್ಟರ ಬಲದ ಮೇಲೆ ವಿಜಾಪುರದಿಂದ ತಿಕೋಟಾವರೆಗೆ ಸಂಗೀತ ತಿಳಿದವನು ನಾನೊಬ್ಬನೇ ಎಂದು ನಂಬಿಕೊಂಡಿದ್ದೆ. ಆ ನಂಬಿಕೆ ಈಗಲೂ ಪೂರ್ತಿ ಹೋಗಿಲ್ಲ.

ಸಂತೆ ಮೈದಾನದ ಮೂಲೆಯಲ್ಲಿ ಮಶಾಕಸಾಬನ ಚಹಾದಂಗಡಿ. ಅವನ ಬಳಿ ಹಾಡು ಹಚ್ಚುವ ಮಷೀನು ಮತ್ತು ಊರಿಗೆಲ್ಲ ಕೇಳಿಸುವ ಒಂದು ದೊಡ್ಡ ತುತ್ತೂರಿ, ಭೋಂಗಾ ಇತ್ತು. ಮದುವೆ ಮುಂಜಿವೆಗೆ ಅದನ್ನು ಬಾಡಿಗೆಗೆ ಕೊಡುತ್ತಿದ್ದ. ವಿಜಾಪುರದ ಅಂಗಡಿಯವನು ಹೊಸ ಪ್ಲೇಟು ಬಂದಾಗಲೆಲ್ಲ ಇವನಿಗೆ ಒಂದು ಸಂತೆಯ ಮಟ್ಟಿಗೆ ಕೊಡುತ್ತಿದ್ದ. ಗ್ರಾಮೋಫೋನಿನ ರೆಕಾರ್ಡಿಗೆ ನಮ್ಮಲ್ಲಿ ಪ್ಲೇಟು ಎಂದೇ ಹೆಸರು. ಮಂದಿಗೆ ಹಿಡಿಸಿದರೆ ಇಟ್ಟುಕೊಳ್ಳಬೇಕು, ಇಲ್ಲವಾದರೆ ಮರಳಿಸಬೇಕು. ಹಾಗಾಗಿ ಸಂತೆಯ ದಿನ ಹೊಸ ಪ್ಲೇಟು ಹಚ್ಚಿ, ಕೇಳಿದವರೆಲ್ಲರ ಅಭಿಪ್ರಾಯ ತೆಗೆದುಕೊಳ್ಳುವುದು ಅಲ್ಲಿಯ ಪದ್ಧತಿ. ಬಬಲೇಶ್ವರ, ನಿಡೋಣಿ, ಬಿಜ್ಜರಗಿ, ಎಲ್ಲ ಕಡೆಯಿಂದ ಹಾಡಿನ ಹುಚ್ಚರು ಸೇರುತ್ತಿದ್ದರು. ಎತ್ತು ಮಾರಲು ಬಂದವರು ಎತ್ತನ್ನು ಮರೆತು ಅಲ್ಲೇ ಕೂತುಬಿಡುತ್ತಿದ್ದರು.

ಇವರು ಹಾಡನ್ನು ಕೇಳುವ ಮೊದಲು ಪ್ಲೇಟನ್ನು ಪರೀಕ್ಷೆ ಮಾಡುತ್ತಿದ್ದರು. ನಿಡೋಣಿಯ ಸಿದ್ದರಾಯ ದೊಡ್ಡ ಹೊಲದವನು, ನಾಟಕದ ಹಾಡಿನ ಕಡೆಯ ಮುಖಂಡ. ಪ್ಲೇಟನ್ನು ಬಿಸಿಲಿಗೆ ಹಿಡಿದು, ಹೋರಿಯ ಹಣೆ ನೋಡಿದಂತೆ ನೋಡಿ, "ಇದರ ಸುಳಿ ನಟ್ಟನಡಬರಕ ಬಂದ ನಿಂತೈತಿ. ಇಂಥಾದ್ದು ಮನ್ಯಾಗ ಇಟಗೋಬಾರದು" ಎನ್ನುತ್ತಿದ್ದ. ಎಲ್ಲ ಪ್ಲೇಟಿನ ಗೆರೆಯೂ ನಡುವಿಗೇ ಬರುತ್ತದೆ ಎಂದು ನಾನು ತಿಳಿಹೇಳಿದರೆ, "ಅದಕ್ಕs ನಾ ಒಂದೂ ಕೊಂಡಿಲ್ರಿ" ಎಂದ. ಬಿಜ್ಜರಗಿಯ ಗುರಣ್ಣ ಭಜನೆ ಮೇಳದವನು. ಅವನು ಗಡಿಗೆ ಕೊಳ್ಳುವವರ ಹಾಗೆ ಪ್ಲೇಟನ್ನು ಬೆರಳಿಂದ ಬಡಿದು ಕಿವಿಗೊಟ್ಟು ಕೇಳುತ್ತಿದ್ದ. ಬಬಲೇಶ್ವರದಿಂದ ಬಂದ ಒಬ್ಬನು, ಹಾಡಿದಾಕೆಗೆ ಮಕ್ಕಳೆಷ್ಟು, ಯಾರನ್ನಾದರೂ ಹಾಯುತ್ತಾಳೋ ಹೇಗೆ ಎಂದು ವಿಚಾರಿಸುತ್ತಿದ್ದ. ಆಮೇಲೆ ಮುಳ್ಳು ಇಡುವುದು.

ಒಂದು ಸಂತೆಯ ದಿನ ಒಂದು ನಾಟಕದ ಹಾಡು ಬಂತು. ಹಾಡು ಮುಗಿಯುತ್ತಲೇ ಗುರಣ್ಣ, "ಹಾಡಿದಾಂವಗ ನೆಗಡಿ ಆಗೈತಿ" ಎಂದ.

"ನೆಗಡಿ ಅಲ್ಲಲೇ ಅದು, ದುಃಖ! ಹೇಂತಿ ಸತ್ತಾಳ ಹಾಡಿನ್ಯಾಗ" ಎಂದು ಸಿದ್ದರಾಯ ಎದ್ದು ನಿಂತ.

"ಹೇಂತಿ ಸತ್ತರ ಮೂಗ ಯಾಕ ಕಟ್ಟತೈತಿ?"

ಚಹಾದ ಬಶಿ ಹಾರಿತು. ನಾಟಕದವರು ಒಂದು ಕಡೆ, ಭಜನೆಯವರು ಒಂದು ಕಡೆ. ನಾನು ನಡುವೆ ನಿಂತು ಸ್ವರದ ವಿಷಯದಲ್ಲಿ ಇಬ್ಬರದೂ ತಪ್ಪು ಎಂದು ವಿವರಿಸುತ್ತಿದ್ದೆ. ಮೊದಲ ಏಟು ನನಗೇ ಬಿತ್ತು. ಬಿಸಿ ಚಹಾ ಪ್ಲೇಟಿನ ಮೇಲೆ ಸುರಿಯಿತು. ಆಮೇಲೆ ಹಚ್ಚಿ ನೋಡಿದರೆ ಹಾಡಿದವನಿಗೆ ನಿಜವಾಗಿಯೂ ನೆಗಡಿಯಾಗಿತ್ತು.

ಮಶಾಕಸಾಬ ಮರುದಿನವೇ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಸಿದ: 'ಇಲ್ಲಿ ಹಾಡಿನ ಬಗ್ಗೆ ಅಭಿಪ್ರಾಯ ಹೇಳಬಾರದು.' ಮುಂದಿನ ಸಂತೆಯಲ್ಲಿ ಮಂದಿಯ ಪಾಡು ನೋಡಬಾರದಿತ್ತು. ಹಾಡು ಕೇಳಿ, ಬಾಯಿ ಮುಚ್ಚಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದರು. ಗುರಣ್ಣ ಹೊರಗೆ ಹೋಗಿ ಬೇವಿನ ಗಿಡಕ್ಕೆ ತನ್ನ ಅಭಿಪ್ರಾಯ ಹೇಳಿ ಬಂದ. ಸಿದ್ದರಾಯ ರಸ್ತೆಯ ಆಚೆ ನಿಂತು ಕೂಗಿ ಹೇಳಿದ. 'ಇಲ್ಲಿ' ಎಂದು ಬರೆದಿದೆ, ತಾನು ಅಲ್ಲಿ ಇದ್ದೇನೆ ಎಂಬುದು ಅವನ ವಾದ. ಒಬ್ಬ ಮುದುಕ ಹೊಟ್ಟೆಯುಬ್ಬರ ಎಂದು ನನ್ನ ದವಾಖಾನೆಗೆ ಬಂದು ಎತ್ತಿಗೆ ಕೊಡುವ ಔಷಧ ಕೇಳಿದ.

ಆಗ ಅಮೋಘಿ ಎದ್ದ. ಅವನು ತಾನಾಗಿ ಎದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಬಾಯಿಲೆ ಬ್ಯಾಡಾದ್ರ ಟಾವೆಲ್ ಐತ್ರಿ" ಎಂದ.

ಎಲ್ಲರಿಗೂ ಕೂಡಲೇ ತಿಳಿಯಿತು. ಒಬ್ಬೊಬ್ಬರೇ ಬಂದು ಅಮೋಘಿಯ ಟಾವೆಲ್ಲಿನ ಕೆಳಗೆ ಕೈ ಇಡಬೇಕು. ಒಂದು ಬೆರಳು ಒತ್ತಿದರೆ ಮರಳಿಸು ಎಂದು, ಐದೂ ಒತ್ತಿದರೆ ಇಂಥ ಹಾಡು ಕೇಳಿಲ್ಲ ಎಂದು. ಯಾರದು ಎಷ್ಟು ಎನ್ನುವುದು ಅಮೋಘಿಗೆ ಬಿಟ್ಟು ಯಾರಿಗೂ ತಿಳಿಯದು. ಕೊನೆಗೆ ಅವನು ಎಲ್ಲ ಸೇರಿಸಿ ಒಂದು ಬೆಲೆ ಹೇಳುವುದು. ಜಗಳವಿಲ್ಲ, ಬಶಿ ಒಡೆಯುವುದಿಲ್ಲ. ಮಶಾಕಸಾಬ ಖುಷಿಯಿಂದ ಎಲ್ಲರಿಗೂ ಭಜಿ ಕೊಟ್ಟ.

ಆದರೆ ಟಾವೆಲ್ಲಿನ ಕೆಳಗೆ ಕೈ ಹೋದ ಕೂಡಲೇ ನಮ್ಮ ಕಡೆಯ ಮನುಷ್ಯ ಬೇರೆಯೇ ಆಗಿಬಿಡುತ್ತಾನೆ. ಹಾಡು ಕೇಳಿ ಕಣ್ಣು ಒರೆಸಿಕೊಳ್ಳುತ್ತಿದ್ದ ಗುರಣ್ಣ ಕೈ ಒಳಗೆ ಇಟ್ಟದ್ದೇ ತಡ, ಒಂದೇ ಬೆರಳು ಒತ್ತಿದ. ಮೊದಲೇ ನಿಜ ಹೇಳಿದರೆ ದಲಾಲ ತಲೆಯ ಮೇಲೆ ಕೂರುತ್ತಾನೆ ಎಂಬ ಹೆದರಿಕೆ ಅವನ ಬೆರಳಿಗೇ ಇತ್ತು. ಅಮೋಘಿಯ ಕೈಯೂ ಕಡಿಮೆಯದಲ್ಲ. ಎದುರಿನವನು ಒಂದು ಒತ್ತಿದರೆ ಅದು ತಾನಾಗಿಯೇ ಐದು ಒತ್ತುತ್ತಿತ್ತು. ಎದುರಿನವನು ಐದು ಒತ್ತಿದರೆ ಒಂದು. ಗುರಣ್ಣ ಎರಡಕ್ಕೆ ಏರಿದ, ಅಮೋಘಿ ನಾಲ್ಕಕ್ಕೆ ಇಳಿದ. ಮೂರಕ್ಕೆ ಇಬ್ಬರೂ ಕೈ ಕುಲುಕಿದರು. ಗುರಣ್ಣ ಭಾರೀ ಲಾಭ ಮಾಡಿಕೊಂಡವನ ಹಾಗೆ ಮೀಸೆ ತಿರುವುತ್ತ ಹೊರಗೆ ಬಂದು ಇದನ್ನೆಲ್ಲ ತಾನೇ ನನಗೆ ಹೇಳಿದ. ಆ ಹಾಡು ಅವನಿಗೆ ಎಷ್ಟು ಸೇರಿತ್ತು ಎನ್ನುವುದು ಅವನಿಗೇ ಮರೆತುಹೋಗಿತ್ತು.

ಹೀಗೆ ಮೊದಲ ಹಾಡಿಗೆ ಮೂರು ಬೆರಳು ಬಂತು. ಎರಡನೆಯದಕ್ಕೂ ಮೂರು. ಭಜನೆಗೆ ಮೂರು, ನಾಟಕಕ್ಕೆ ಮೂರು, ಸಿನಿಮಾದ ಹಾಡಿಗೂ ಮೂರು. ಒಂದು ಪ್ಲೇಟು ದಾರಿಯಲ್ಲಿ ಒಡೆದು ಎರಡು ಹೋಳಾಗಿ ಬಂದಿತ್ತು, ಅದಕ್ಕೂ ಮೂರು. ಮೂರು ಎಂದರೆ ಇಟ್ಟುಕೊಳ್ಳಬೇಕೋ ಮರಳಿಸಬೇಕೋ ತಿಳಿಯದೆ ಮಶಾಕಸಾಬ ಎಲ್ಲವನ್ನೂ ಇಟ್ಟುಕೊಂಡ. ಅವನ ಹೆಂಡತಿ ರೋಶನಬಿ ಜೋಳದ ಚೀಲ ಇಡಲು ಜಾಗವಿಲ್ಲ ಎಂದು ದಿನಾ ಕೂಗಾಡುತ್ತಿದ್ದಳು.

ನಾನು ಸುಮ್ಮನಿರಲಿಲ್ಲ. ಒಬ್ಬ ದೊಡ್ಡ ಗವಾಯಿ ಒಂದು ಇಡೀ ಬದಿ ಒಂದೇ ರಾಗ ಹಾಡಿದ ದೊಡ್ಡ ಪ್ಲೇಟನ್ನು ವಿಜಾಪುರದಿಂದ ನಾನೇ ಹೊತ್ತು ತಂದೆ. ಇವರಿಗೆ ಸಂಗೀತ ಎಂದರೆ ಏನು ಎಂದು ತೋರಿಸಬೇಕಿತ್ತು. ಆಲಾಪ ಶುರುವಾಯಿತು. ಸ್ವಲ್ಪ ಹೊತ್ತಾದ ಮೇಲೆ ಸಿದ್ದರಾಯ ಮೆಲ್ಲಗೆ, "ಇಂವ ಯಾರನ್ನ ಕರ್ಯಾಕತ್ತಾನ್ರಿ?" ಎಂದ. ಇನ್ನೂ ಸ್ವಲ್ಪ ಹೊತ್ತಿಗೆ ಗುರಣ್ಣ, "ಪಾಪ, ಇನ್ನೂ ಬರವಲ್ಲರಲ್ಲ ಅವರು" ಎಂದು ಬಾಗಿಲ ಕಡೆ ನೋಡಿದ. ನಾನು ಹಲ್ಲು ಕಚ್ಚಿಕೊಂಡು ಕೂತೆ. ನನ್ನ ಸರದಿ ಬಂದಾಗ ಟಾವೆಲ್ಲಿನ ಕೆಳಗೆ ಐದೂ ಬೆರಳು ಬಲವಾಗಿ ಒತ್ತಿದೆ. ಅಮೋಘಿಯ ಕೈ ಒಂದು ಒತ್ತಿತು. ನನ್ನ ಕೈ, ನಾಚಿಕೆಯಾಗಬೇಕು ಅದಕ್ಕೆ, ನಾಲ್ಕಕ್ಕೆ ಇಳಿಯಿತು.

ಮೂರಕ್ಕೆ ಮುಗಿದ ಮೇಲೆ ನಾನು ಅವನ ಮೇಲೆ ರೇಗಿದೆ. "ಅಲ್ಲೋ ಅಮೋಘಿ, ಇದನ್ನ ಕೇಳಿ ನಿನಗ ಹೆಂಗನಸ್ತು? ನಿನಗ ಅಂತ ಕೇಳಾಕತ್ತೇನಿ!"

"ದಲಾಲಗ ಏನೂ ಅನಸಂಗಿಲ್ರಿ ಕಂಪೌಂಡರ" ಎಂದು ಟಾವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡ.

ನಮ್ಮನ್ನು ನೋಡಿ ಟಾವೆಲ್ ಪದ್ಧತಿ ಶುರು ಮಾಡಿದ್ದ ಬಬಲೇಶ್ವರದಲ್ಲಿ ಯಾವುದೋ ಹಾಡಿಗೆ ನಾಲ್ಕು ಬೆರಳು ಬಂದಿದೆಯಂತೆ ಎಂದು ಒಮ್ಮೆ ಸುದ್ದಿ ಹಬ್ಬಿತು. ತಿಕೋಟಾದವರು ಚಕ್ಕಡಿ ಕಟ್ಟಿಕೊಂಡು ಹೋಗಿ ವಿಚಾರಣೆ ಮಾಡಿ ಬಂದರು. ಅಲ್ಲಿಯವರು ಭಜಿ ತಿಂದ ಕೈಯಲ್ಲಿ ಅಭಿಪ್ರಾಯ ಕೊಟ್ಟಿದ್ದರಿಂದ ಬೆರಳು ಜಾರಿದೆ ಎಂದು ತೀರ್ಮಾನವಾಯಿತು. ಆಮೇಲೆ ಎರಡೂ ಊರಲ್ಲಿ ಕೈ ತೊಳೆಯಲು ಕೊಡ ಇಟ್ಟರು.

ಇನ್ನು ಹೊಳೆವ್ವನ ವಿಷಯ. ಹೊಳೆವ್ವ ಅಮೋಘಿಯ ಹೆಂಡತಿ. ಗಂಡನ ಪಾಲಿನ ಮಾತನ್ನೂ ಸೇರಿಸಿ ಇಬ್ಬರ ಮಾತನ್ನು ಒಬ್ಬಳೇ ಆಡುವವಳು. ಎರಡು ತುಂಡು ಹೊಲ, ಒಂದಿಷ್ಟು ಆಡು ಕುರಿ, ಎಲ್ಲ ಅವಳ ಕೈಯಲ್ಲಿ. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂತು ಹಾಡಲು ಶುರು ಮಾಡಿದರೆ ಬಿಜ್ಜರಗಿಯ ಆ ಓಣಿ ಅದನ್ನೇ ಕೇಳಿ ಏಳುತ್ತಿತ್ತು. ಊರ ಹೆಂಗಸರು ಅವಳ ಹಾಡಿಗೆ ತಮ್ಮ ಕಲ್ಲು ತಿರುವುತ್ತಿದ್ದರು. ಅಮೋಘಿ ಮಾತ್ರ ಆ ಹೊತ್ತಿಗೆ ಕಟ್ಟೆಯ ಮೇಲೆ ಕೂತು ಬೇವಿನ ಕಡ್ಡಿಯಿಂದ ಹಲ್ಲು ಉಜ್ಜುತ್ತಿದ್ದ. ಹಾಡು ಮುಗಿದರೆ ಬಾಯಿ ಮುಕ್ಕಳಿಸಿ ಎದ್ದುಹೋಗುತ್ತಿದ್ದ.

ಪುಣೆಯ ಒಂದು ಪ್ಲೇಟು ಕಂಪನಿಯ ಏಜೆಂಟನಿಗೆ ಹೇಗೋ ಇವಳ ಸುದ್ದಿ ಸಿಕ್ಕಿ, ಹಾಡು ತುಂಬಿಸಿಕೊಳ್ಳಲು ಕರೆದೊಯ್ಯಲು ಬಂದ. ಗಂಡನ ಒಪ್ಪಿಗೆ ಕೇಳಿದ. ಅಮೋಘಿ "ಹೋಗಬಹುದು, ಹೋಗದನೂ ಇರಬಹುದು" ಎಂದ. ಹೊಳೆವ್ವ ಮೊದಲರ್ಧವನ್ನಷ್ಟೇ ಹಿಡಿದುಕೊಂಡು, ನೆರೆಮನೆಯ ಮುದುಕವ್ವನನ್ನು ಜೊತೆ ಮಾಡಿಕೊಂಡು ರೈಲು ಹತ್ತಿದಳು.

ಪುಣೆಯಲ್ಲಿ ನಡೆದದ್ದನ್ನು ಮುದುಕವ್ವ ಊರೆಲ್ಲ ಹೇಳಿಕೊಂಡು ತಿರುಗಿದಳು. "ಆ ಖೋಲ್ಯಾಗ ಗ್ವಾಡಿಗೆಲ್ಲಾ ಗಾದಿ ಬಡದಾರ ಬೇ! ಹುಚ್ಚರು ತಲಿ ಬಡಕೋಬಾರದಂತ ಮಾಡಿರಬೇಕು. ನಾ ಅಂತೂ ದೇವರ ಹೆಸರ ತಗೊಂಡ ಕಣ್ಣ ಮುಚ್ಚಿದೆ, ಎದ್ದಾಗ ಹಾಡ ಮುಗದಿತ್ತು." ಬೀಸುಕಲ್ಲಿಲ್ಲದೆ ಹೊಳೆವ್ವನ ಬಾಯಿಂದ ಹಾಡೇ ಹೊರಡಲಿಲ್ಲವಂತೆ. ಕಂಪನಿಯವರು ಪೇಟೆಯೆಲ್ಲ ಹುಡುಕಿ ಒಂದು ಬೀಸುಕಲ್ಲನ್ನು ಟಾಂಗಾದಲ್ಲಿ ಹಾಕಿಕೊಂಡು ಬಂದರು. ಬೀಸಲು ಗೋಧಿ ಕೊಟ್ಟರು. ಗೋಧಿಗೆ ಈ ಹಾಡು ಕೂಡುವುದಿಲ್ಲ, ಜೋಳ ತನ್ನಿ ಎಂದು ಇವಳು ಹಟ ಹಿಡಿದಳು. ಆ ಗಾದಿಯ ಖೋಲಿಯಲ್ಲಿ ಜೋಳ ಬೀಸುತ್ತ ಎರಡು ಹಾಡು ಹಾಡಿ, ಹಿಟ್ಟನ್ನು ಸೆರಗಿಗೆ ಕಟ್ಟಿಕೊಂಡು ಬಂದಳು. ಒಂದು ಹಾಡು ತಂಗಿಯನ್ನು ಕರೆಯಲು ಹೊರಟು ದಾರಿಯಲ್ಲಿ ಸಂತೆ ನೋಡುತ್ತ ನಿಂತುಬಿಟ್ಟ ಅಣ್ಣನದು. ಇನ್ನೊಂದು, ಜೋಳ ತುಂಬಿಡುವ ನೆಲದೊಳಗಿನ ಹಗೆಯಲ್ಲಿ ಸಂಸಾರ ಹೂಡಿದ ಇಲಿಯದು.

ಪ್ಲೇಟು ಬರುವ ಸಂತೆಯ ಹಿಂದಿನ ದಿನ ಹೊಳೆವ್ವ ಒಂದು ಆಡು ಎಳೆದುಕೊಂಡು ನನ್ನ ದವಾಖಾನೆಗೆ ಬಂದಳು. ಆಡಿಗೆ ಏನೂ ಆಗಿರಲಿಲ್ಲ. ಅದರ ಬಾಯಿ ಬಿಡಿಸಿ ನೋಡಿ ಹಾಗೇ ಹೇಳಿದೆ.

"ಗೊತ್ತೈತ್ರಿ. ನಿಮ್ಮ ಕೂಡ ಮಾತಾಡಾಕ ಬಂದೇನಿ" ಎಂದು ಮೆಟ್ಟಿಲ ಮೇಲೆ ಕೂತಳು. "ಕಂಪನಿಯವರು ಮತ್ತ ಬಾ ಅಂತ ಪತ್ರ ಹಾಕ್ಯಾರ. ನೀವು ನನ್ನ ಪರವಾಗಿ ಬರಾಂಗಿಲ್ಲಂತ ಬರದಬಿಡ್ರಿ."

"ಯಾಕವಾ? ಹುಚ್ಚಗಿಚ್ಚ ಹಿಡದೈತೇನು?"

"ನಾ ಲಗ್ನ ಆಗಿ ಬಂದಾಗಿಂದ ಹಾಡಾಕತ್ತೇನ್ರಿ. ಈ ಮನಷ್ಯಾ ಒಂದ ದಿನ ಛಲೋ ಅಂದಿಲ್ಲ. ಛಲೋ ಹೋಗ್ಲಿ, ಬಾಯಿ ಮುಚ್ಚಬೇ ಅಂತನೂ ಅಂದಿಲ್ಲ. ಸುತ್ತ ಹಳ್ಳಿ ಮಂದಿ ಮನಸ್ಸೆಲ್ಲಾ ಇವರ ಕೈಯಾಗ ಐತಿ. ಇವರ ಮನಸ್ಸ ಎಲ್ಲೈತ್ರಿ? ನಾ ಕಲ್ಲಿಗೆ ಹಾಡಿದಂಗ ಆಗೈತಿ." ಅವಳು ಅಳಲಿಲ್ಲ, ಆಡಿನ ಕಿವಿ ಹಿಡಿದು ಜಗ್ಗಿದಳು. "ನಾಳೆ ಮಂದಿ ಮುಂದ ನನ್ನ ಪ್ಲೇಟ ಹಚ್ಚತಾರ. ಇವರು ಬಾಯಿ ಬಿಟ್ಟು ಒಂದ ಮಾತ ಹೇಳಿದ್ರ ಆತು, ಆ ಪತ್ರ ಬ್ಯಾಡ. ಇಲ್ಲಂದ್ರ ಇನ್ನ ನಾ ಹಾಡಂಗಿಲ್ಲ. ಮನ್ಯಾಗೂ ಇಲ್ಲ, ಪುಣೆದಾಗೂ ಇಲ್ಲ. ಜ್ವಾಳಾ ಗಿರಣಿಗೆ ಹಾಕಿಸಿಬಿಡ್ತೇನಿ."

ಹೊಳೆವ್ವ ಅಂದರೆ ಅಂದದ್ದೇ. ಸಂಜೆ ಅಮೋಘಿಯನ್ನು ಹಿಡಿದು, ಕೈ ಮುಗಿದು ಹೇಳಿದೆ, "ಒಂದ ಮಾತ ಅಂದಬಿಡಪಾ. ಸುಳ್ಳ ಆದ್ರೂ ಅನ್ನು. ನಿನ್ನ ಗಂಟೇನು ಹೋಗತೈತಿ?"

ಅವನು ಟಾವೆಲ್ ಮಡಚಿ ಮತ್ತೆ ಬಿಚ್ಚಿದ. ಆಮೇಲೆ, "ಮಂದಿ ನನ್ನ ಕೈಯಾಗ ಕೈ ಯಾಕ ಇಡ್ತಾರ್ರಿ? ಇವನ ಬಾಯಿ ಖಾಲಿ ಐತಿ ಅಂತ. ಇವತ್ತ ಹೇಂತಿ ಹಾಡಿಗೆ ಬಾಯಿ ಬಿಟ್ಟೆ ಅಂದ್ರ ನಾಳೆ ಎತ್ತಿಗೆ ಯಾರ ಕೈ ಕೊಡ್ತಾರ? ನಮ್ಮಪ್ಪ ಸಾಯೂ ಮುಂದನೂ ನೀರ ಬೇಕೇನಂದ್ರ ಹೂಂ ಅನ್ನಲಿಲ್ಲ" ಎಂದ. ಅವನ ಮಾತಿನಲ್ಲಿ ಗರ್ವವಿರಲಿಲ್ಲ, ಹೆದರಿಕೆಯಿತ್ತು. ಅಷ್ಟು ಉದ್ದ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಸಂತೆಯ ದಿನ ಜನ ಕಿಕ್ಕಿರಿದಿತ್ತು. ನಮ್ಮ ಕಡೆಯ ಹೆಂಗಸಿನ ಹಾಡು ಪ್ಲೇಟಿನಲ್ಲಿ ಬಂದಿದೆ ಎಂದು ನಿಡೋಣಿಯಿಂದ ಎರಡು ಚಕ್ಕಡಿ ಬಂದಿದ್ದವು. ಬಬಲೇಶ್ವರದವರು ಕೈ ತೊಳೆದುಕೊಂಡು, ಯಾವುದನ್ನೂ ಮುಟ್ಟದೆ ಗಾಳಿಯಲ್ಲಿ ಹಿಡಿದು ನಿಂತಿದ್ದರು. ಹೊಳೆವ್ವ ಮುದುಕವ್ವನ ಜೊತೆ ಚಹಾ ಕಾಯಿಸುವ ಭಟ್ಟಿಯ ಪಕ್ಕ ಕೂತಿದ್ದಳು. ಸಿದ್ದರಾಯ ಪ್ಲೇಟನ್ನು ಬಿಸಿಲಿಗೆ ಹಿಡಿದು ಏನೋ ಹೇಳಲು ಹೋಗಿ, ಅವಳ ಮುಖ ನೋಡಿ, "ಸುಳಿ ಏನೂ ಕಾಣವಲ್ಲದು" ಎಂದು ಕೊಟ್ಟುಬಿಟ್ಟ.

ಮಶಾಕಸಾಬ ಮುಳ್ಳು ಇಟ್ಟ. ಮೊದಲು ಬೀಸುಕಲ್ಲಿನ ಸದ್ದು ಬಂತು. ಮಷೀನು ಕೆಟ್ಟಿದೆ ಎಂದು ಒಂದಿಬ್ಬರು ಎದ್ದರು. ಅದರ ಮೇಲೆ ಹೊಳೆವ್ವನ ದನಿ ಏರಿತು. ನಾನು ಹಾರ್ಮೋನಿಯಂ ಮನೆಯವನು, ಇದ್ದದ್ದನ್ನು ಹೇಳುತ್ತೇನೆ: ಆ ದನಿಗೆ ನನ್ನ ಗವಾಯಿಯನ್ನು ಮರೆತೆ. ಅಣ್ಣ ಸಂತೆಯಲ್ಲಿ ನಿಂತುಬಿಟ್ಟಾಗ ಎತ್ತಿನವರೆಲ್ಲ ತಲೆ ತಗ್ಗಿಸಿದರು. ಇಲಿಯ ಹಾಡಿಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು, ಸಿದ್ದರಾಯನೊಬ್ಬನನ್ನು ಬಿಟ್ಟು. ಅದು ತಮ್ಮ ಮನೆಯ ಹಗೆಯ ಇಲಿಯೇ, ಹೊರಗಿನವರಿಗೆ ಹೇಗೆ ತಿಳಿಯಿತು ಎಂದು ಅವನು ಪಕ್ಕದವರ ಕಿವಿಯಲ್ಲಿ ಕೇಳುತ್ತಿದ್ದ.

ಆಮೇಲೆ ಸಾಲು ನಿಂತಿತು. ಒಬ್ಬೊಬ್ಬರೇ ಬಂದು ಟಾವೆಲ್ಲಿನ ಕೆಳಗೆ ಕೈ ಇಟ್ಟರು. ನಾನು ಈ ಸಲ ಇಳಿಯುವುದಿಲ್ಲ ಎಂದು ಆಣೆ ಮಾಡಿಕೊಂಡು ಹೋಗಿದ್ದೆ. ಅಮೋಘಿಯ ಬೆರಳು ತಣ್ಣಗಿದ್ದವು, ಆದರೆ ಪದ್ಧತಿ ಬಿಡಲಿಲ್ಲ. ನಾನು ಇಳಿದೆ. ಎಲ್ಲರೂ ಇಳಿದರು, ಇಲ್ಲವೆ ಏರಿದರು. ಸಾಲು ಮುಗಿಯಿತು.

ಅಮೋಘಿ ನೆಲ ನೋಡುತ್ತ, "ಮೂರು" ಎಂದ.

ಸ್ವಂತ ಹೆಂಡತಿಯ ಹಾಡಿಗೂ ಮೂರು! ಮಂದಿ ಅವನ ಪ್ರಾಮಾಣಿಕತೆಗೆ ತಲೆದೂಗಿದರು. ನನಗೆ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಹೊಳೆವ್ವ ಎದ್ದು ಮುಂದೆ ಬಂದಳು.

"ಅದು ಮಂದೀದಾತು. ನಿಮ್ಮದೆಷ್ಟು?"

"ದಲಾಲಂದ ಇರಂಗಿಲ್ಲ."

ಅವಳು ಟಾವೆಲ್ಲಿನ ಕೆಳಗೆ ಕೈ ಇಟ್ಟಳು. ಹೆಂಗಸೊಬ್ಬಳು ದಲಾಲನ ಟಾವೆಲ್ಲಿಗೆ ಕೈ ಹಾಕಿದ್ದು ತಿಕೋಟಾದ ಸಂತೆಯಲ್ಲಿ ಯಾರೂ ನೋಡಿರಲಿಲ್ಲ. ಎಲ್ಲರೂ ಬಟ್ಟೆ ಅಲುಗಾಡುವುದನ್ನು ಕಾದರು. ಬಟ್ಟೆ ಅಲುಗಾಡಲಿಲ್ಲ. ಒಂದು ಚಹಾ ಕುಡಿಯುವಷ್ಟು ಹೊತ್ತು ಹಾಗೇ ನಿಂತರು. ಆಮೇಲೆ ಹೊಳೆವ್ವ ಇನ್ನೊಂದು ಕೈಯಿಂದ ಟಾವೆಲ್ಲನ್ನು ಕಿತ್ತು ಎಸೆದಳು.

ಅಯ್ಯೋ! ಎಂದು ಕೂಗು ಬಿತ್ತು. ವ್ಯಾಪಾರ ನಡೆಯುವಾಗ ಟಾವೆಲ್ ತೆಗೆಯುವುದು ಸ್ನಾನ ಮಾಡುವವನ ಮುಂದಿನ ಪರದೆ ಎಳೆದಂತೆ. ಗುರಣ್ಣ ಗೋಡೆಯ ಕಡೆ ತಿರುಗಿಕೊಂಡ. ಸಿದ್ದರಾಯ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡಿದ. ಅಮೋಘಿ ಯಾವ ಬೆರಳನ್ನೂ ಒತ್ತಿರಲಿಲ್ಲ. ಅವಳ ಕೈಯನ್ನು ಸುಮ್ಮನೆ ಹಿಡಿದುಕೊಂಡಿದ್ದ.

"ಬಾಯಿಲೆ ಹೇಳ್ರಿ" ಎಂದಳು ಹೊಳೆವ್ವ.

ಅಮೋಘಿ ಬಾಯಿ ತೆರೆದ, ಮುಚ್ಚಿದ. ಬೆವರು ಹಣೆಯಿಂದ ಮೀಸೆಗೆ ಇಳಿಯಿತು. ಅವನ ಗಂಟಲಿನಲ್ಲಿ ಅಪ್ಪ ಅಜ್ಜ ಇಬ್ಬರೂ ಅಡ್ಡ ಕೂತಿರಬೇಕು.

"ಅಣ್ಣನ ಹಾಡಿನ್ಯಾಗ," ಎಂದ ಕೊನೆಗೆ, "ಹಳ್ಳಾ ದಾಟೂ ನುಡಿ ಐತಲ್ಲ, ಅಲ್ಲೆ ನಡುವ ಉಸುರ ತಗೊಂಡಿ. ಅಲ್ಲೆ ನೀ ಎಂದೂ ತಗೋಳಂಗಿಲ್ಲ. ಮನ್ಯಾಗ ಅದನ್ನ ಒಂದs ಉಸುರಿಗೆ ಹಾಡ್ತಿ. ಕಲ್ಲ ಒಂದ ಸುತ್ತ ಹೆಚ್ಚಿಗಿ ತಿರಗತೈತಿ, ಆಮ್ಯಾಲ ಉಸುರ ಬಿಡ್ತಿ. ಮೈಯಾಗ ಹುಷಾರಿಲ್ಲದಾಗ ಸುದ್ದಾ ಹಂಗs ಹಾಡಿದಿ, ತವರಮನಿಯಿಂದ ಕೆಟ್ಟ ಸುದ್ದಿ ಬಂದ ದಿನಾನೂ ಹಂಗs ಹಾಡಿದಿ. ಅಲ್ಲೆ ಯಾಕ ಉಸುರ ತಗೊಂಡಿ?"

ಮಶಾಕಸಾಬ ತಾನಾಗಿಯೇ ಪ್ಲೇಟನ್ನು ತಿರುವಿ ಹಾಕಿ ಅಣ್ಣನ ಹಾಡಿಗೆ ಮತ್ತೆ ಮುಳ್ಳು ಇಟ್ಟ. ಎಲ್ಲರೂ ಬಗ್ಗಿ ಕಿವಿಗೊಟ್ಟರು. ಹಳ್ಳ ದಾಟುವ ನುಡಿಯಲ್ಲಿ, ಕಲ್ಲಿನ ಸದ್ದಿನ ನಡುವೆ, ಸಣ್ಣದೊಂದು ಉಸಿರು. ಮೊದಲ ಸಲ ಅದು ನನಗೆ ಕೇಳಿಸಿರಲಿಲ್ಲ. ಯಾರಿಗೂ ಕೇಳಿಸಿರಲಿಲ್ಲ.

ಹೊಳೆವ್ವ ಗಂಡನ ಮುಖವನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು, ಒರೆಸಿಕೊಳ್ಳಲಿಲ್ಲ. "ಪುಣೆದಾಗ ಒಬ್ಬಾಂವ ಗಾಜಿನ ಆಕಡೆ ನಿಂತ ಕೈ ಎತ್ತಿದ" ಎಂದಳು. "ನಿಂದ್ರು ಅಂತಾನಂತ ತಿಳದೆ."

"ನಿಂದ್ರಬಾರದಾಗಿತ್ತು."

"ಮತ್ತ ಹಾಡ ಹೆಂಗೈತಿ, ಅದನ್ನ ಹೇಳ್ರಿ."

"ಅದನ್ನs ಹೇಳಿದ್ನೆಲ್ಲ" ಎಂದ ಅಮೋಘಿ, ನಿಜವಾಗಿಯೂ ಗಾಬರಿಯಿಂದ.

ಆಗ ಜನಕ್ಕೆ ಬಾಯಿ ಬಂತು. ಉಸಿರು ತೆಗೆದುಕೊಂಡದ್ದೇ ಚಂದ ಎಂದು ಸಿದ್ದರಾಯ ಕೂಗಿದ, ಹಳ್ಳ ದಾಟುವಾಗ ಯಾರಾದರೂ ಉಸಿರು ತೆಗೆದುಕೊಳ್ಳುತ್ತಾರೇನಲೇ ಎಂದು ಗುರಣ್ಣ ಮೇಲೆ ಬಿದ್ದ. ಒಂದು ಬಶಿ ಹಾರಿತು. ಮಶಾಕಸಾಬ ಗೋಡೆಯ ಬರಹ ತೋರಿಸುತ್ತ ಅರಚಿದರೂ ಕೇಳುವವರಿಲ್ಲ. ನನಗೆ ಅಮೋಘಿಯ ಮೇಲೆ ಹೊಟ್ಟೆಕಿಚ್ಚಾಯಿತು ಎಂದರೆ ನಂಬಬೇಕು. ಇಷ್ಟು ವರ್ಷ ಸಂಗೀತ ಸಂಗೀತ ಎಂದು ಬಡಿದುಕೊಂಡ ನಾನು ಯಾರನ್ನೂ ಹಾಗೆ ಕೇಳಿಲ್ಲ.

ಆ ಗದ್ದಲದಲ್ಲೇ ಹೊಳೆವ್ವ ನನ್ನ ಕಡೆ ತಿರುಗಿದಳು.

"ಕಂಪೌಂಡರ, ಪುಣೆದವರಿಗೆ ಬರೀರಿ. ಹೊಳೆವ್ವ ಬರ್ತಾಳಂತ ಬರೀರಿ. ಆ ಕೈ ಎತ್ತೂ ಮನಷ್ಯಾನ್ನ ಹೊರಗ ಕುಂದ್ರಸ್ರಿ ಅಂತನೂ ಬರೀರಿ. ಅಲ್ಲೆ ಕುಂದ್ರಾಕ ಇವರು ಬರ್ತಾರ."